ಅಮ್ಮನ ಹೆಸರಿನ ಕಾರ್ಡು

ನನಗೆ ಕೋಪ ಬಂದರೆ ಇಳಿಯುವುದು ತಡ. ಕೆಲವರಿಗೆ ಅದು ಮೂಗಿನ ತುದಿಯಲ್ಲೇ ಇರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ನನ್ನದು ಬಂತೆಂದರೆ ಒಳಗೆ ಜಾಗ ಮಾಡಿಕೊಂಡು ಕೂತುಬಿಡುತ್ತದೆ. ಈ ಗುಣ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಹೇಳಲಿ ಬಿಡಿ. ಒಬ್ಬ ಮೇಷ್ಟ್ರ ಮೇಲೆ ನಾನು ಎಂಟು ವರ್ಷ ಹಗೆ ಸಾಧಿಸಿದೆ, ಅದೂ ಸರ್ಕಾರದ ಕುರ್ಚಿಯಲ್ಲಿ ಕೂತುಕೊಂಡು. ಇವತ್ತಿಗೂ ಆ ಮನುಷ್ಯನನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಮೇಷ್ಟ್ರ ಹೆಸರು ನನ್ನ ಕೈಯಿಂದ ಅಚ್ಚಾಗುವುದು ಬೇಡ. ಅಮ್ಮನ ಹೆಸರು ಬರೆಯುವ ಆಸೆಯಿದೆ, ಆದರೆ ಅದನ್ನು ಬರೆದರೆ ಕುಣಿಗಲ್ ಕಡೆಯವರು ಒಂದೇ ದಿನದಲ್ಲಿ ಮೇಷ್ಟ್ರು ಯಾರೆಂದು ಪತ್ತೆ ಹಚ್ಚಿಬಿಡುತ್ತಾರೆ. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಪಾಪ, ಅವರೇನು ಮಾಡಿದ್ದಾರೆ?

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ತುಮಕೂರಿನ ದೊಡ್ಡ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಶಿರಾ ಗೇಟ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ನಮಗೆ ವಾರದ ರಜೆ ಸೋಮವಾರ. ಭಾನುವಾರ ಸಾಯಂಕಾಲ ಬಾಗಿಲು ಹಾಕಿದ ಕೂಡಲೇ ಬಸ್ಸು ಹತ್ತಿ ಗುಬ್ಬಿಗೆ ಅಮ್ಮನ ಹತ್ತಿರ ಹೋಗಿ, ಮಂಗಳವಾರ ಬೆಳಿಗ್ಗೆ ವಾಪಸ್ಸು ಬರುತ್ತಿದ್ದೆ.

ನನ್ನ ಕೆಲಸ ಕಾರ್ಡು ಬರೆಯುವುದು. ಈಗಿನವರಿಗೆ ಹೇಳಬೇಕಾಗುತ್ತದೆ: ಆಗ ಲೈಬ್ರರಿಯ ಬಾಗಿಲ ಎದುರಿಗೇ ಸಣ್ಣ ಸಣ್ಣ ಉದ್ದನೆಯ ಡ್ರಾಯರುಗಳಿದ್ದ ಮರದ ಕಪಾಟು ಇರುತ್ತಿತ್ತು. ಒಳಗೆ ಅಕ್ಷರ ಕ್ರಮದಲ್ಲಿ ಜೋಡಿಸಿದ ರಟ್ಟಿನ ಕಾರ್ಡುಗಳು. ಒಂದು ಪುಸ್ತಕ ಬಂದರೆ ಅದಕ್ಕೆ ಮೂರು ಕಾರ್ಡು ಬರೆಯಬೇಕು: ಬರೆದವರ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಒಂದು. ಪುಸ್ತಕ ಯಾವ ಬೀರುವಿನಲ್ಲಿದೆ ಎಂಬ ನಂಬರು ಕಾರ್ಡಿನ ಮೂಲೆಯಲ್ಲಿರುತ್ತಿತ್ತು. ಕಾರ್ಡಿಲ್ಲದ ವಸ್ತು ಲೈಬ್ರರಿಯಲ್ಲಿ ಇದ್ದರೂ ಇಲ್ಲದ ಹಾಗೆಯೇ. ಓದುಗರಿಗೆ ಲೈಬ್ರರಿಯ ಮುಖ್ಯಸ್ಥರು, ನಮ್ಮ ಸಾಹೇಬರು, ದೊಡ್ಡವರಾಗಿ ಕಾಣುತ್ತಿದ್ದರು, ಆದರೆ ಯಾವುದು ಯಾರಿಗೆ ಸಿಗಬೇಕು ಎಂಬುದು ನನ್ನ ಪೆನ್ನಿನಲ್ಲಿತ್ತು.

ಹಿಂದಿನ ಹಾಲಿನಲ್ಲಿ ನಾಟಕಕ್ಕೆಂದೇ ಎರಡು ಬೀರುಗಳಿದ್ದವು. ಸುತ್ತಮುತ್ತ ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಮಾಲೀಕರ ಮನೆಯವರು ಟ್ರಂಕುಗಟ್ಟಲೆ ಕಾಗದ ತಂದು ಅಲ್ಲಿ ಸುರಿದು ಹೋಗಿದ್ದರು. ಗುಲಾಬಿ, ಹಸಿರು ಬಣ್ಣದ ಹ್ಯಾಂಡ್‌ಬಿಲ್ಲುಗಳು, ಥಿಯೇಟರ್ ಬಾಗಿಲಲ್ಲಿ ಮಾರುತ್ತಿದ್ದ ಅಂಗೈ ಅಗಲದ ಹಾಡಿನ ಪುಸ್ತಕಗಳು, ಎಲೆ ಅಡಿಕೆ ಕಲೆ ಬಿದ್ದ ಕೈಬರಹದ ನಾಟಕಗಳು, ಅಂಚು ಮುರಿದ ಗ್ರಾಮಫೋನ್ ಪ್ಲೇಟುಗಳು. ಇವನ್ನೆಲ್ಲ ಪಟ್ಟಿ ಮಾಡುವ ಕೆಲಸ ನನಗೆ ಬಿತ್ತು. ಉಳಿದವರು ಧೂಳು ಅಂತ ಮೂಗು ಮುರಿದರೆ ನಾನು ಖುಷಿಯಿಂದ ಒಪ್ಪಿಕೊಂಡೆ. ಅಮ್ಮ ಕಂಪನಿ ನಾಟಕದವಳು.

ಅವಳಿದ್ದದ್ದು ದೊಡ್ಡ ಕಂಪನಿಯಲ್ಲ. ತಗಡಿನ ಥಿಯೇಟರ್ ಕಟ್ಟಿಕೊಂಡು ಗುಬ್ಬಿ, ಕುಣಿಗಲ್, ಶಿರಾ ಅಂತ ತಿರುಗುತ್ತಿದ್ದ ಸಣ್ಣ ಕಂಪನಿ. ಅದರ ನಾಯಕಿ ನೋಡಲು ಬಹಳ ಲಕ್ಷಣವಾಗಿದ್ದಳು, ಆದರೆ ಒಂದು ಕಾಯಿಲೆ ಬಿದ್ದು ಗಂಟಲು ಹೋಯಿತು. ಮಾಲೀಕರಿಗೆ ಅವಳ ಮುಖ ಬೇಕು, ಜನಕ್ಕೆ ಹಾಡು ಬೇಕು. ಅದಕ್ಕೆ ಅಮ್ಮನನ್ನು ಸೈಡ್ ವಿಂಗಿನಲ್ಲಿ, ಹಾರ್ಮೋನಿಯಂ ಮಾಸ್ತರ ಪಕ್ಕ, ಪರದೆಯ ಮರೆಯಲ್ಲಿ ನಿಲ್ಲಿಸಿದರು. ನಾಯಕಿ ಸ್ಟೇಜಿನ ಮೇಲೆ ಬಾಯಿ ಆಡಿಸುವುದು, ಅಮ್ಮ ಮರೆಯಿಂದ ಹಾಡುವುದು. ಒಂಬತ್ತು ವರ್ಷ ಹೀಗೇ ನಡೆಯಿತು. ಕುಣಿಗಲ್ ಕ್ಯಾಂಪಿನಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರು ಹಾಡಿಗೆ ಮೆಚ್ಚಿ ಬೆಳ್ಳಿ ಮೆಡಲ್ ಕೊಟ್ಟರಂತೆ. ಅದನ್ನು ನಾಯಕಿಯ ಸೆರಗಿಗೆ ಚುಚ್ಚಿದರು, ಅಮ್ಮ ಪರದೆಯ ಸಂದಿಯಿಂದ ನೋಡಿದಳು. ಹ್ಯಾಂಡ್‌ಬಿಲ್ಲಿನಲ್ಲಿ ಲೈಟ್ ಬಿಡುವವನ ಹೆಸರು, ಪರದೆ ಬರೆದವನ ಹೆಸರು ಎಲ್ಲ ಇರುತ್ತಿತ್ತು, ಅಮ್ಮನದು ಇರುತ್ತಿರಲಿಲ್ಲ. ಹಾಕಿದರೆ ಗುಟ್ಟು ರಟ್ಟಾಗುತ್ತಿತ್ತಲ್ಲ!

ನಾನು ಆ ಬೀರು ತೆಗೆದ ಮೇಲೆ ಅಮ್ಮನದು ವಾರ ವಾರವೂ ಒಂದೇ ಪ್ರಶ್ನೆ. "ಏನೇ, ಯಾವುದಾದ್ರೂ ಕಾಗ್ದದಲ್ಲಿ ನನ್ನ ಹೆಸ್ರು ಸಿಕ್ತಾ?"

"ಇನ್ನೂ ಇಲ್ಲಮ್ಮ. ಬೇಕಾದಷ್ಟು ಕಟ್ಟು ಬಾಕಿ ಇದಾವೆ."

"ಸಿಗಲ್ಲ ಬುಡು. ಹಾಕಿದ್ರೆ ತಾನೆ ಸಿಗೋದು. ಸಾಯೋದ್ರೊಳಗೆ ಅಚ್ಚಲ್ಲಿ ಒಂದ್ ಸಲ ನೋಡ್ಬೇಕು ಕಣೇ. ಇಂತೋಳು ಹಾಡಿದ್ದು ಅಂತ ಒಂದ್ ಸಲ."

ನಗುತ್ತಲೇ ಹೇಳುತ್ತಿದ್ದಳು. ಆದರೆ ಪ್ರತಿ ವಾರ ಕೇಳುತ್ತಿದ್ದಳು.

ಆ ಹೊತ್ತಿಗೆ ಮೇಷ್ಟ್ರು ಬಂದರು. ಕುಣಿಗಲ್ ತಾಲ್ಲೂಕಿನ ಕಡೆಯವರು, ತೆಂಗಿನ ತೋಟದ ಮನೆತನ, ತುಮಕೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಇಸ್ತ್ರಿ ಮಾಡಿದ ಜುಬ್ಬ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೆ ಮೊದಲು ಒಂದು ನಗು. ಕಂಪನಿ ನಾಟಕದ ಹಾಡುಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ನಾಟಕದ ಬೀರುವಿನ ಮುಂದೆ ದಿನಗಟ್ಟಲೆ ಕೂತರು. ಹಾಡಿನ ಪುಸ್ತಕದಲ್ಲಿ ಬರೀ ಸಾಹಿತ್ಯ ಇರುತ್ತದೆ, ಮಟ್ಟು ಗೊತ್ತಾಗುವುದಿಲ್ಲ. "ಇದನ್ನೆಲ್ಲ ಹಾಡಬಲ್ಲವರು ಯಾರಾದರೂ ಬದುಕಿದ್ದಾರೇನಮ್ಮ?" ಎಂದು ಒಂದು ದಿನ ನಿಟ್ಟುಸಿರು ಬಿಟ್ಟು ಕೇಳಿದರು.

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. "ನಮ್ಮಮ್ಮನಿಗೆ ಬರುತ್ತೆ ಸಾರ್" ಎಂದುಬಿಟ್ಟೆ. ಕರೆದುಕೊಂಡು ಹೋದವಳೂ ನಾನೇ, ಮಣೆ ಹಾಕಿ ಕೂರಿಸಿದವಳೂ ನಾನೇ. ಮೇಷ್ಟ್ರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಇರಬೇಕು.

ಹನ್ನೊಂದು ಸೋಮವಾರ ಮಧ್ಯಾಹ್ನ ಮೇಷ್ಟ್ರು ಹಿಡಿಕೆ ಇದ್ದ ಟೇಪ್ ರೆಕಾರ್ಡರ್ ತೂಗಾಡಿಸಿಕೊಂಡು ಗುಬ್ಬಿಯ ನಮ್ಮ ಮನೆಗೆ ಬಂದರು. ಅಮ್ಮ ಪ್ರತಿ ಸಲವೂ ಮುಖಕ್ಕೆ ಪೌಡರು ಹಚ್ಚಿ, ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಕೂರುವಳು.

"ಟೇಪಿಗೆ ಮುಖ ಕಾಣಲ್ಲಮ್ಮ" ಎಂದರೆ, "ಹಾಡೋಳಿಗೆ ಕಾಣುತ್ತಲ್ಲ, ಸುಮ್ನಿರೇ" ಎನ್ನುವಳು.

ಪಕ್ಕದ ಮನೆಯವರಿಗೆ ಆ ಹೊತ್ತಿನಲ್ಲಿ ಒರಳು ತಿರುಗಿಸಬಾರದೆಂದು ಅಪ್ಪಣೆಯಾಗಿತ್ತು. ಪ್ಯಾಸೆಂಜರ್ ರೈಲು ಕೂಗಿದರೆ ಹಾಡು ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಮೊದಲಿಂದ ಶುರು. ಒಂದು ಹಾಡಿನ ನಡು ಸಾಲು ಮರೆತುಹೋದರೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಹುಡುಕುವಳು, ಸಿಕ್ಕಿದಾಗ ಚಿಕ್ಕ ಹುಡುಗಿಯ ಹಾಗೆ ನಗುವಳು. ಮೇಷ್ಟ್ರು "ಆಹಾ ತಾಯಿ, ಏನು ಕಂಠ ತಾಯಿ" ಎನ್ನುತ್ತಿದ್ದರು. ಮಂಡಕ್ಕಿ, ಕಾಫಿ, ಒಮ್ಮೊಮ್ಮೆ ಊಟ, ಎಲ್ಲ ನಮ್ಮಲ್ಲೇ ಆಗುತ್ತಿತ್ತು.

ಕೊನೆಯ ಸೋಮವಾರ ಅಮ್ಮ ಸಂಕೋಚ ಬಿಟ್ಟು ಕೇಳಿದಳು. "ಸ್ವಾಮಿ, ಪುಸ್ತಕದಲ್ಲಿ ನನ್ನ ಹೆಸ್ರು ಹಾಕ್ತೀರಾ?"

"ಅಯ್ಯೋ ತಾಯಿ! ನಿಮ್ಮ ಹೆಸರಿಲ್ಲದೆ ಪುಸ್ತಕ ಎಲ್ಲಾದರೂ ಆಗುತ್ತಾ?"

ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ನೀರು ಹಿಡಿಯುವ ನಲ್ಲಿಯ ಹತ್ತಿರ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ ಹೇಳಿದಳು. ತನ್ನ ಹೆಸರು ಪುಸ್ತಕದಲ್ಲಿ ಬರುತ್ತದೆ, ಕಾಲೇಜಿನ ಮೇಷ್ಟ್ರೇ ಮಾತು ಕೊಟ್ಟಿದ್ದಾರೆ ಎಂದು.

ಒಂದು ವರ್ಷದ ಮೇಲೆ ಪುಸ್ತಕ ಬಂತು. ದಪ್ಪ ರಟ್ಟು, ಮೇಲೆ ಮೇಷ್ಟ್ರ ಹೆಸರು ಬಂಗಾರದ ಬಣ್ಣದಲ್ಲಿ. ನಾನು ಲೈಬ್ರರಿಯಲ್ಲಿ ಒಂದು ಪುಟವನ್ನೂ ಬಿಡಿಸಿ ನೋಡದೆ ಗುಬ್ಬಿಗೆ ಓಡಿದೆ. ಮೊದಲು ಅಮ್ಮ ನೋಡಲಿ ಎಂಬ ಹುಚ್ಚು. ಅಮ್ಮ ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಮುನ್ನುಡಿ ಓದಿದಳು. ಮೇಷ್ಟ್ರು ಪ್ರಿನ್ಸಿಪಾಲರಿಗೆ ವಂದನೆ ಹೇಳಿದ್ದರು. ಪ್ರೆಸ್ಸಿನವರಿಗೆ, ಟೇಪ್ ರೆಕಾರ್ಡರ್ ಎರವಲು ಕೊಟ್ಟ ಭಾವಮೈದನಿಗೆ, ಹೊತ್ತುಹೊತ್ತಿಗೆ ಕಾಫಿ ಕೊಟ್ಟ ಹೆಂಡತಿಗೆ ವಂದನೆ ಹೇಳಿದ್ದರು. ಕೊನೆಯಲ್ಲಿ ಒಂದು ಸಾಲು: ಗುಬ್ಬಿಯ ಕಡೆಯ ಅನಾಮಧೇಯ ಮುದುಕಿಯೊಬ್ಬಳ ಬಾಯಿಂದ ಈ ಹಾಡುಗಳನ್ನು ಉಳಿಸಿಕೊಳ್ಳಲಾಯಿತು.

ಅಮ್ಮ ಆ ಸಾಲು ದಾಟಿ ಮುಂದೆ ಹೋದಳು. ಮುಂದೆ ಎಲ್ಲಾದರೂ ಇರಬಹುದು ಅಂತ. ಪುಟ ಪುಟ ತಿರುವಿ ಹಿಂದಿನ ರಟ್ಟಿನವರೆಗೆ ಹೋಗಿ, ಮತ್ತೆ ಮೊದಲಿಂದ ಬಂದಳು. ಮೂರು ಸಲ ನೋಡಿದಳು. ನನಗೆ ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ.

"ಮುದುಕಿ ಅಂದವ್ನಲ್ಲೇ" ಎಂದಳು ಕೊನೆಗೆ. "ನಂಗಿನ್ನೂ ಐವತ್ತೆರಡು." ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಒಲೆಯ ಮುಂದೆ ಹೋಗಿ ಕೂತಳು. ನಲ್ಲಿಯ ಹತ್ತಿರ ಯಾರಾದರೂ "ಹೆಸ್ರು ಬಂತೇನಕ್ಕ?" ಎಂದು ಕೇಳಿದರೆ, "ಮುಂದಿನ ಸಲ ಹಾಕ್ತಾರಂತೆ" ಎಂದು ಸುಳ್ಳು ಹೇಳಿದಳು. ಆಮೇಲೆ ನೀರಿಗೆ ಬೇರೆ ಬೀದಿಗೆ ಹೋಗತೊಡಗಿದಳು. ಹಾಡು ಗುನುಗುವುದನ್ನೂ ಬಿಟ್ಟಳು. ಅದನ್ನು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಈ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದೆ.

ಸಮಯ ತಾನಾಗಿ ಬಂತು. ಮೇಷ್ಟ್ರು ಹನ್ನೊಂದು ಕ್ಯಾಸೆಟ್ಟುಗಳನ್ನು ಲೈಬ್ರರಿಗೆ ದಾನ ಕೊಟ್ಟರು. ಸಂಗ್ರಹವನ್ನು ಸಾರ್ವಜನಿಕರಿಗೆ ಅರ್ಪಿಸಿದ್ದೇನೆ ಎಂದು ಹೇಳಿಕೊಳ್ಳಲು ಅದು ಬೇಕಾಗಿತ್ತು. ಸಾಹೇಬರು ಕೈಮುಗಿದು ತೆಗೆದುಕೊಂಡು, ಕಾರ್ಡು ಬರೆಯಲು ನನ್ನ ಮೇಜಿನ ಮೇಲೆ ತಂದಿಟ್ಟರು. ಡಬ್ಬಿಗಳ ಮೇಲೆ ಮೇಷ್ಟ್ರ ಅಕ್ಷರ: ಗುಬ್ಬಿ ಅಜ್ಜಿ, ಭಾಗ ಒಂದು. ಗುಬ್ಬಿ ಅಜ್ಜಿ, ಭಾಗ ಎರಡು. ಹನ್ನೊಂದರವರೆಗೂ ಅದೇ. ಆಗ ನನಗೆ ಹೊಳೆಯಿತು. ಈ ಮನುಷ್ಯ ನಮ್ಮ ಮನೆಯಲ್ಲಿ ಹನ್ನೊಂದು ಮಧ್ಯಾಹ್ನ ಕೂತು, ತಾಯಿ ತಾಯಿ ಎಂದು ಬಾಯಿ ತುಂಬ ಕರೆದು, ಒಂದು ಸಲವೂ "ನಿಮ್ಮ ಹೆಸರೇನು" ಎಂದು ಕೇಳಿರಲೇ ಇಲ್ಲ. ಅಮ್ಮನ ಹೆಸರು ಅವರು ಬಿಟ್ಟದ್ದಲ್ಲ, ಅವರಿಗೆ ಗೊತ್ತೇ ಇರಲಿಲ್ಲ!

ಒಂದು ಹೊಸ ಕಾರ್ಡು ತೆಗೆದುಕೊಂಡೆ. ಮೇಲಿನ ಸಾಲಿನಲ್ಲಿ ಅಮ್ಮನ ಹೆಸರು ಬರೆದೆ. ಕೆಳಗೆ: ಕಂಪನಿ ನಾಟಕದ ಹಾಡುಗಳು, ಹನ್ನೊಂದು ಕ್ಯಾಸೆಟ್ಟು. ಮೂಲೆಯಲ್ಲಿ ಬೀರುವಿನ ನಂಬರು. ಅದನ್ನು ಅಮ್ಮನ ಹೆಸರಿನ ಅಕ್ಷರದ ಡ್ರಾಯರಿನಲ್ಲಿ ಸೇರಿಸಿ ಮುಚ್ಚಿದೆ. ಮೇಷ್ಟ್ರ ಹೆಸರಿನ ಕಾರ್ಡು ಬರೆಯಲಿಲ್ಲ. ವಿಷಯದ ಕಾರ್ಡೂ ಬರೆಯಲಿಲ್ಲ, ಹಾಡುಗಳ ಹೆಸರಿನ ಕಾರ್ಡೂ ಬರೆಯಲಿಲ್ಲ. ಇನ್ನು ಮೇಲೆ ಆ ಕ್ಯಾಸೆಟ್ಟು ಬೇಕಾದವರು ಅಮ್ಮನ ಹೆಸರು ಹಿಡಿದೇ ಬರಬೇಕು. ಕೆಲಸದಲ್ಲಿ ನಾನು ಬೇಕೆಂದೇ ರೂಲ್ಸು ಮುರಿದದ್ದು ಅದೊಂದೇ ಸಲ, ಮತ್ತು ಅಷ್ಟು ಚೆಂದದ ಅಕ್ಷರದಲ್ಲಿ ನಾನು ಇನ್ನೊಂದು ಕಾರ್ಡು ಬರೆದಿಲ್ಲ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಬೀದಿಗೆಲ್ಲ ಸಾರುತ್ತಾಳೆ, ಮೇಷ್ಟ್ರ ಕಿವಿಗೂ ಬೀಳುತ್ತದೆ ಎಂದು ಭಯ.

ಎಂಟು ವರ್ಷ ಕಾದೆ. ಸುಮ್ಮನೆ ಕಾಯಲಿಲ್ಲ, ಕೈಲಾದದ್ದು ಮಾಡುತ್ತಿದ್ದೆ. ಮೇಷ್ಟ್ರ ದಪ್ಪ ಪುಸ್ತಕವನ್ನು ಸಾಹಿತ್ಯದ ಬೀರುವಿನಿಂದ ತೆಗೆದು ಪಶುಪಾಲನೆಯ ಬೀರುವಿನಲ್ಲಿ, ಹಂದಿ ಸಾಕುವ ಕ್ರಮ ಹೇಳುವ ಪುಸ್ತಕದ ಪಕ್ಕ ಇಡುತ್ತಿದ್ದೆ. ನಮ್ಮ ಅಟೆಂಡರು ಬಹಳ ಶಿಸ್ತಿನ ಮನುಷ್ಯ, ತಪ್ಪಿ ಹೋಗಿದೆ ಎಂದು ವಾಪಸ್ಸು ತಂದಿಡುತ್ತಿದ್ದರು. ನಾನು ಮತ್ತೆ ಹಂದಿಯ ಪಕ್ಕಕ್ಕೆ ಕಳಿಸುತ್ತಿದ್ದೆ. "ಈ ಪುಸ್ತಕಕ್ಕೆ ಕಾಲು ಬಂದವೆ ಕಣಮ್ಮ" ಎಂದು ಅವರು ತಲೆ ಕೆರೆದುಕೊಂಡರೆ, ನಾನು ಇಂಕು ಒರೆಸಿಕೊಳ್ಳುತ್ತ "ಹೌದೇ?" ಎನ್ನುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಪ್ರೊಫೆಸರಾದರು, ಸಭೆಗಳಲ್ಲಿ ಹಾರ ಹಾಕಿಸಿಕೊಂಡರು, ಕಂಪನಿ ಹಾಡುಗಳನ್ನು ಸಾವಿನ ಬಾಯಿಂದ ಎಳೆದು ತಂದವರು ಎನ್ನಿಸಿಕೊಂಡರು. ಪೇಪರಿನಲ್ಲಿ ಅವರ ಫೋಟೋ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಸಾಹೇಬರು ಹಿಂದಿನ ಹಾಲಿಗೆ ಸುಣ್ಣ ಹೊಡೆಸಿ, ಗಾಜಿನ ಬೀರು ತರಿಸಿ, ನಾಟಕದ ಕಾಗದಗಳಿಗೆಲ್ಲ ಒಂದು ಪ್ರತ್ಯೇಕ ವಿಭಾಗ ಮಾಡಿದರು. ಉದ್ಘಾಟನೆಗೆ ಬೆಂಗಳೂರಿಂದ ಒಬ್ಬ ಹಿರಿಯ ಅಧಿಕಾರಿ ಬಂದಿದ್ದರು, ವಯಸ್ಸಾದ ಹೆಂಗಸು, ಸಂಗೀತ ಬಲ್ಲವರು. ದಾನಿಗಳ ಸಾಲಿನಲ್ಲಿ ಮೊದಲ ಕುರ್ಚಿ ಮೇಷ್ಟ್ರದು. ಸಭೆ ಇಟ್ಟುಕೊಂಡಿದ್ದು ಮುಂದಿನ ಹಾಲಿನಲ್ಲಿ, ಕಾರ್ಡಿನ ಕಪಾಟಿನ ಪಕ್ಕದಲ್ಲೇ. ಹಾಲಿನ ತುಂಬ ಕಾಲೇಜಿನವರು, ಪೇಪರಿನವರು, ಊರಿನ ವಕೀಲರು, ಡಾಕ್ಟರುಗಳು. ಮೇಷ್ಟ್ರು ಅರ್ಧ ಗಂಟೆ ಮಾತಾಡಿದರು. ತಾವು ಬಿಸಿಲಿನಲ್ಲಿ ಹಳ್ಳಿ ಹಳ್ಳಿ ಅಲೆದ ಕತೆ, ಕೊತ್ತಗೆರೆಯ ದಾರಿಯಲ್ಲಿ ಸೈಕಲ್ ಪಂಕ್ಚರಾದ ಕತೆ. ನಮ್ಮ ಮನೆಗೆ ಅವರು ಬಂದದ್ದು ಬಸ್ಸಿನಲ್ಲಿ! ನಾನು ಹಿಂದೆ ನಿಂತು ಹಲ್ಲು ಕಚ್ಚಿದೆ.

ಭಾಷಣ ಮುಗಿದ ಮೇಲೆ ಆ ಹಿರಿಯ ಹೆಂಗಸು, "ಮಾತು ಸಾಕು, ಒಂದು ಹಾಡು ಕೇಳಿಸಿ" ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. "ಹೋಗಮ್ಮ, ಪ್ರೊಫೆಸರ್ ಕೊಟ್ಟ ಕ್ಯಾಸೆಟ್ ತಗೊಂಬಾ."

ನಾನು ಕದಲಲಿಲ್ಲ. "ಎಲ್ಲ ಬೀರು ಬದಲಾಗಿದೆ ಸಾರ್. ಕಾರ್ಡ್ ನೋಡಿ ನಂಬರ್ ಹೇಳಿದ್ರೆ ತರ್ತೀನಿ."

ಅದಕ್ಕೇನಂತೆ ಎಂದು ಮೇಷ್ಟ್ರೇ ನಗುತ್ತ ಎದ್ದು ಬಂದು ತಮ್ಮ ಹೆಸರಿನ ಡ್ರಾಯರು ಎಳೆದರು. ಬೆರಳಿನಿಂದ ಕಾರ್ಡು ತಳ್ಳುತ್ತ ಹೋದರು. ಅವರ ದಪ್ಪ ಪುಸ್ತಕದ ಕಾರ್ಡಿತ್ತು, ಕ್ಯಾಸೆಟ್ಟಿನದು ಇರಲಿಲ್ಲ. ನಾಟಕದ ಡ್ರಾಯರು ನೋಡಿದರು, ಹಾಡಿನ ಡ್ರಾಯರು ನೋಡಿದರು. ನಗು ಹೋಯಿತು. ಹಾಲಿನವರೆಲ್ಲ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು.

"ಇಲ್ಲವಲ್ಲಮ್ಮ!"

"ಇದೆ ಸಾರ್. ಹಾಡಿದವರ ಹೆಸರಲ್ಲಿದೆ."

ಹಿರಿಯ ಹೆಂಗಸು ತಲೆಯಾಡಿಸಿದರು. "ಅದೂ ಸರಿಯೇ. ಯಾರು ಹಾಡಿದ್ದು, ಪ್ರೊಫೆಸರೇ?"

"ಅದು... ಗುಬ್ಬಿಯ ಒಬ್ಬ ತಾಯಿ."

"ಹೆಸರು?"

ಮೇಷ್ಟ್ರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡಿ, ಹಲ್ಲು ಕಿರಿದು, "ನಿಮ್ಮ ತಾಯಿಯವರೇ ಅಲ್ಲವೇನಮ್ಮ? ನೀವೇ ಹೇಳಬೇಕು" ಎಂದರು.

"ನನಗೆ ಗೊತ್ತು ಸಾರ್. ನಿಮಗೆ ಗೊತ್ತಾ ಅಂತ ಮೇಡಂ ಕೇಳ್ತಿರೋದು."

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಹೇಳಿಬಿಡಮ್ಮ, ಹೇಳಿಬಿಡು" ಎಂದು ಗೋಗರೆದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮೇಷ್ಟ್ರ ಮುಖ ಕಪ್ಪಿಟ್ಟಿತ್ತು, ಇಂಗು ತಿಂದ ಮಂಗನ ಹಾಗೆ ಡ್ರಾಯರು ಹಿಡಿದುಕೊಂಡು ನಿಂತಿದ್ದರು. ಎಂಟು ವರ್ಷದಿಂದ ಕಾದ ಗಳಿಗೆ, ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ ಎಳೆದೆ. ಹಿರಿಯ ಹೆಂಗಸು ಗಡಿಯಾರ ನೋಡಿ, ಇನ್ನೊಂದು ಕಾರ್ಯಕ್ರಮ ಇದೆ ಎಂದು ಎದ್ದರು. ಹೋಗುವಾಗ ಮೇಷ್ಟ್ರಿಗೆ ನಮಸ್ಕಾರವನ್ನೂ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನಾನು ಪಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಎಲ್ಲರೂ ಹೋದ ಮೇಲೆ ಸಾಹೇಬರು ಕೋಣೆಗೆ ಕರೆದು ಬೈದರು. ಒಂದು ವಾರದೊಳಗೆ ಆ ಕ್ಯಾಸೆಟ್ಟುಗಳಿಗೆ ಎಲ್ಲ ಕಾರ್ಡೂ ಆಗಬೇಕು, ಸಂಗ್ರಾಹಕರ ಹೆಸರಿನದೂ ಇರಬೇಕು, ಇಲ್ಲದಿದ್ದರೆ ಮೆಮೊ ಎಂದರು. ಬೈಗುಳ ಒಂದೂ ನನಗೆ ತಾಕಲಿಲ್ಲ. ಸಾಯಂಕಾಲದ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಅಭಿನಯ ಮಾಡಿ ಹೇಳಿದೆ. ಮೇಷ್ಟ್ರ ಕರವಸ್ತ್ರ, ಮೇಷ್ಟ್ರ ಹಲ್ಲು, ಎಲ್ಲ.

ಅಮ್ಮ ನಗಲಿಲ್ಲ.

"ಅಷ್ಟು ವರ್ಷದಿಂದ ನನ್ನ ಹೆಸ್ರು ಅಲ್ಲಿತ್ತಾ?"

"ಇತ್ತಮ್ಮ. ನಾನೇ ಬರೆದಿದ್ದು."

"ನಂಗೆ ಯಾಕೆ ತೋರಿಸ್ಲಿಲ್ಲ?"

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು. "ಅದಿರ್ಲಿ ಬುಡು. ಹಾಲ್ ತುಂಬ ಜನ ಇದ್ರು ಅಂದ್ಯಲ್ಲ. ಬೆಂಗ್ಳೂರಿಂದ ದೊಡ್ಡೋರು ಬಂದು ಹೆಸ್ರೇನು ಅಂತ ಬಾಯಿ ಬಿಟ್ಟು ಕೇಳಿದ್ರು ಅಂದ್ಯಲ್ಲ."

"ಹೂಂ."

"ನೀನು ಹೇಳಿದ್ಯಾ?"

ನಾನು ಎದ್ದು ಚೆಂಬಿಗೆ ನೀರು ಬಗ್ಗಿಸಿಕೊಂಡೆ.

"ಹೇಳ್ಲಿಲ್ಲ ತಾನೆ? ನನ್ನ ಹಾಡೂ ಹಾಕ್ಲಿಲ್ಲ ತಾನೆ? ಅವ್ನೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಒಂದ್ ಮಾತು ಕಣೇ. ಒಂದ್ ಮಾತು ಅಂದುಬುಟ್ಟಿದ್ರೆ ಅಷ್ಟೂ ಜನಕ್ಕೆ ಗೊತ್ತಾಗ್ತಿತ್ತು. ನಿಂಗೆ ಅವನ ಮರ್ಯಾದೆ ತೆಗೆಯೋದೇ ಮುಖ್ಯ ಆಯ್ತಾ, ನಾನಲ್ಲ?"

ಅವಳು ಜೋರು ಮಾಡಲಿಲ್ಲ, ಅಳಲೂ ಇಲ್ಲ. ತಟ್ಟೆಗೆ ಮುದ್ದೆ ಹಾಕಿ ನನ್ನ ಮುಂದೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೇಷ್ಟ್ರ ಎಂಟು ವರ್ಷದ ಹಾರ ತುರಾಯಿ ನೋಡಿದಾಗಲೂ ನನಗೆ ಅಷ್ಟು ಉರಿದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸಿತು. ನನ್ನ ಅಮ್ಮನ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಕೇಳುವವರು ಎದುರಿಗೇ ಕೂತಿದ್ದರು. ಒಬ್ಬ ಗಂಡಸು ಬೆವರುವುದನ್ನು ನೋಡುವ ಆಸೆಗೆ ಅದನ್ನು ನುಂಗಿಕೊಂಡೆ.

ಮರುದಿನ ಕೆಲಸಕ್ಕೆ ಬಂದವಳೇ ಕಾರ್ಡುಗಳ ಕಟ್ಟು ಬಿಚ್ಚಿದೆ. ವಿಷಯದ ಕಾರ್ಡು ಬರೆದೆ. ಒಂದೊಂದು ಹಾಡಿಗೆ ಒಂದೊಂದು ಕಾರ್ಡು ಬರೆದೆ, ಪ್ರತಿಯೊಂದರಲ್ಲೂ ಹಾಡಿದವರು ಎಂದು ಅಮ್ಮನ ಹೆಸರು. ಮೂರು ದಿನ ಬೇರೆ ಕೆಲಸ ಮಾಡಲಿಲ್ಲ. ಕೊನೆಗೆ ಮೇಷ್ಟ್ರ ಹೆಸರಿನ ಕಾರ್ಡು ಉಳಿಯಿತು. ಅದನ್ನು ಬರೆಯದೆ ಗತಿಯಿರಲಿಲ್ಲ. ಮೆಮೊಗೆ ಹೆದರಿದ್ದಲ್ಲ. ಊರಿನಲ್ಲಿ ಕಂಪನಿ ಹಾಡು ಎಂದರೆ ಜನಕ್ಕೆ ಗೊತ್ತಿದ್ದದ್ದು ಆ ಹೆಸರೊಂದೇ, ಬರುವವರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ನಮ್ಮ ಕಸುಬಿನಲ್ಲಿ ಒಂದು ತರಹದ ಕಾರ್ಡಿದೆ. ಜನ ತಪ್ಪು ಹೆಸರಿನಲ್ಲಿ ಹುಡುಕಬಹುದು ಎನಿಸಿದರೆ ಆ ತಪ್ಪು ಹೆಸರಿಗೂ ಒಂದು ಕಾರ್ಡು ಬರೆದು, ಅದರಲ್ಲಿ ಬೇರೇನೂ ಹೇಳದೆ, ಸರಿಯಾದ ಹೆಸರನ್ನು 'ನೋಡಿ' ಎಂದಷ್ಟೇ ಬರೆಯುವುದು. ಮೇಲಿನ ಸಾಲಿನಲ್ಲಿ ಮೇಷ್ಟ್ರ ಹೆಸರು ಬರೆದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ನೋಡಿ' ಎಂದು ಬರೆದೆ. ಅದರ ಕೆಳಗೆ ಅಮ್ಮನ ಹೆಸರು. ಬೀರುವಿನ ನಂಬರು ಹಾಕಲಿಲ್ಲ. ದೊಡ್ಡ ಪ್ರೊಫೆಸರ ಹೆಸರನ್ನು ಹಾಗೆ ತಪ್ಪು ಹೆಸರಿನ ಕಾರ್ಡಿಗೆ ಇಳಿಸುವಂತಿಲ್ಲ, ಅದು ನನಗೂ ಗೊತ್ತು, ಸಾಹೇಬರಿಗೂ ಗೊತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, "ರೆಡ್ ಇಂಕು ಬೇಕಿತ್ತಾ?" ಎಂದು ಕೇಳಿ, ಸಹಿ ಹಾಕಿ ಕೊಟ್ಟರು.

ಮುಂದಿನ ವಾರ ಅಮ್ಮನನ್ನು ಹೊರಡಿಸಿದೆ. ಬರುವುದಿಲ್ಲ ಎಂದು ಎರಡು ದಿನ ಹಟ ಮಾಡಿ, ಮೂರನೆಯ ದಿನ ರೇಷ್ಮೆ ಸೀರೆ ಉಟ್ಟುಕೊಂಡು ಬಸ್ಸು ಹತ್ತಿದಳು. ಲೈಬ್ರರಿಯಲ್ಲಿ ಬೆಳಗಿನ ಹೊತ್ತು, ಪೇಪರ್ ಓದುವವರ ಗುಂಪು, ಪರೀಕ್ಷೆಗೆ ಓದುವವರು, ಪಿಂಚಣಿಯವರು. ಗೋಡೆಯ ಮೇಲೆ ನಿಶ್ಶಬ್ದ ಎಂದು ದಪ್ಪಕ್ಷರದ ಬೋರ್ಡು. ಅಲ್ಲಿ ಯಾರು ಉಸುರಿದರೂ ಶ್ ಎಂದು ಬಾಯಿ ಮುಚ್ಚಿಸುವುದು ನನ್ನ ದಿನನಿತ್ಯದ ಕೆಲಸ. ಮೊದಲು ಅವಳದೇ ಡ್ರಾಯರು ಎಳೆದು ಹಳೆಯ ಕಾರ್ಡು ತೋರಿಸಿದೆ. ಬೆರಳಿಟ್ಟು ಓದಿದಳು.

"ಅವನದೆಲ್ಲಿ?" ಎಂದಳು.

ಮೇಷ್ಟ್ರ ಡ್ರಾಯರು ಎಳೆದು ಕೆಂಪು ಶಾಯಿಯ ಕಾರ್ಡು ಮೇಲೆತ್ತಿ ಹಿಡಿದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡಳು. ಮೊದಲ ಸಾಲು, ಮೇಷ್ಟ್ರ ಹೆಸರು, ತುಟಿಯಲ್ಲೇ ಓದಿಕೊಂಡಳು. ಎರಡನೆಯ ಸಾಲು ಸ್ವಲ್ಪ ಜೋರಾಗಿ, "ನೋಡಿ" ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕತ್ತೆತ್ತಿ, ಪರದೆಯ ಮರೆಯಿಂದ ಕೊನೆಯ ಬೆಂಚಿನವರಿಗೂ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ, ತನ್ನ ಹೆಸರು ಓದಿದಳು. ಪೇಪರ್ ಓದುತ್ತಿದ್ದವರೆಲ್ಲ ತಲೆಯೆತ್ತಿ ಅವಳನ್ನು ನೋಡಿದರು. ಅವಳು ಇನ್ನೊಂದು ಸಲ ಓದಿದಳು. ನಾನು ಶ್ ಅನ್ನಲಿಲ್ಲ.